ಡಬ್ಬಿಯೊಳಗಿನ ಅಪ್ಪ

ಫೆಲ್ಥಮ್ಮಿನ ಪೀಟರಜ್ಜನಿಗೆ ಇಡೀ ಲಂಡನ್ನಿನಲ್ಲಿ ಇದ್ದ ಗೆಳೆಯ ಸೈಮನ್ ಒಬ್ಬನೇ. ಇಬ್ಬರೂ ಹಾಲೆಂಡಿನವರು, ವಿಮಾನ ನಿಲ್ದಾಣದಲ್ಲಿ ಸಾಮಾನು ಹೊತ್ತು ಮುದುಕರಾದವರು. ಸೈಮನ್ ಯಹೂದಿ, ಅವನ ಮನೆಮಂದಿಯೆಲ್ಲ ನಾಜಿಗಳ ಕೈಯಲ್ಲಿ ಸತ್ತಿದ್ದರು. ಮೂವತ್ತು ವರ್ಷದಿಂದ ಪ್ರತಿ ಭಾನುವಾರ ನಾಲ್ಕಕ್ಕೆ ಬರುತ್ತಿದ್ದ. ಚೆಸ್ ಆಡುತ್ತ ಇಬ್ಬರೂ ತಮ್ಮ ಭಾಷೆಯಲ್ಲಿ ಜಗಳವಾಡುತ್ತಿದ್ದರು. ಅಜ್ಜನನ್ನು ನೋಡಿಕೊಳ್ಳಲು ಕೌನ್ಸಿಲ್ ಕಳಿಸುತ್ತಿದ್ದ ಧಾರವಾಡದ ಕಾಶವ್ವನಿಗೆ ಆ ಜಗಳ ಕೇಳುವುದೇ ಒಂದು ಖುಷಿ.

೧೯೯೮ರ ಸೆಪ್ಟೆಂಬರಿನಲ್ಲಿ ಔಷಧದ ಚೀಟಿ ಹುಡುಕುವಾಗ ಬಿಸ್ಕತ್ತಿನ ಡಬ್ಬಿಯಲ್ಲಿ ಅವಳಿಗೊಂದು ಹಳೆಯ ಫೋಟೋ ಸಿಕ್ಕಿತು. ಕರಿ ಅಂಗಿ, ತೋಳಿಗೊಂದು ಪಟ್ಟಿ, ಅಜ್ಜನದೇ ಮೂಗು. ಪೊಲೀಸ್ ಇದ್ದಿರಬೇಕು ಅಂದುಕೊಂಡಳು.

"ಹಡೆದಪ್ಪನ್ನ ಡಬ್ಬ್ಯಾಗ ಇಟ್ಟಾನ್ರೀ ಅಜ್ಜ. ಪಾಪ, ಎಡಿ ಹಿಡಿಯೋರು ಒಬ್ಬರೂ ಇಲ್ಲ," ಎಂದು ಗಂಡ ನಾಗಲಿಂಗಪ್ಪನ ಮುಂದೆ ಮರುಗಿದಳು.

ಹಿರಿಯರಿಗೆ ಎಡೆಯಿಡುವ ಪಕ್ಷದ ಅಮಾವಾಸ್ಯೆ ಆ ಸಲ ಭಾನುವಾರವೇ ಬಂತು. ಅಜ್ಜ ಮಧ್ಯಾಹ್ನ ಮಲಗಿದ್ದಾಗ ಕಾಶವ್ವ ಕಟ್ಟು ಹಾಕಿಸಿದ್ದ ಫೋಟೋವನ್ನು ಟಿವಿಯ ಮೇಲಿಟ್ಟು, ಸೌತ್‌ಹಾಲಿನಿಂದ ತಂದ ಚೆಂಡುಹೂವಿನ ಮಾಲೆ ಹಾಕಿ, ಹೋಳಿಗೆಯ ಎಡೆ ಇಟ್ಟಳು. ಅಷ್ಟರಲ್ಲಿ ಸೈಮನ್ ಬಂದ.

ಅವನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಆ ಪಟ್ಟಿಯ ಗುರುತು ಅವನಿಗೆ ಗೊತ್ತಿತ್ತು. ಎದ್ದು ಬಂದ ಅಜ್ಜನನ್ನು ತಮ್ಮ ಭಾಷೆಯಲ್ಲಿ ಒಂದೇ ಮಾತು ಕೇಳಿದ. ಅಜ್ಜ ತಲೆ ತಗ್ಗಿಸಿದ. ಸೈಮನ್ ಟೋಪಿ ಎತ್ತಿಕೊಂಡು ಹೊರಟುಹೋದ.

ಆಮೇಲೆ ಅಜ್ಜ ಎಲ್ಲವನ್ನೂ ಹೇಳಿದ. ಅಪ್ಪ ಸಣ್ಣ ಊರೊಂದರ ಶಾಲೆ ಮೇಷ್ಟ್ರು. ಯುದ್ಧಕ್ಕೆ ಮೊದಲೇ ಹಿಟ್ಲರನನ್ನು ಮೆಚ್ಚುವ ಪಕ್ಷ ಸೇರಿ, ಮೂರು ಸಲ ಚುನಾವಣೆಗೆ ನಿಂತು, ಒಮ್ಮೆ ಗೆದ್ದು, ಎರಡು ವರ್ಷ ಪುರಸಭೆಯಲ್ಲಿ ಕೂತಿದ್ದ. ಸಂತೆಯಲ್ಲಿ ಸ್ಟೂಲು ಹತ್ತಿ ನಿಂತು, ಇವರಲ್ಲಿ ಕೊಳ್ಳಬೇಡಿ ಎಂದು ಯಹೂದಿಗಳ ಅಂಗಡಿಗಳ ಹೆಸರು ಓದುತ್ತಿದ್ದ. ಕೇಳುತ್ತಿದ್ದವರು ಹತ್ತೇ ಜನ. ವಿಷಕ್ಕೇನು, ಒಂದು ಹನಿ ಸಾಕು. ಯುದ್ಧ ಮುಗಿದ ಮೇಲೆ ಜೈಲಿನಲ್ಲಿ ಸತ್ತ. ಅಳುವುದಕ್ಕೂ ನಾಚಿಕೆಯಾಗಿ ಮಗ ದೇಶ ಬಿಟ್ಟ.

ಕಾಶವ್ವ ಫೋಟೋದ ಮಾಲೆ ತೆಗೆದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು.

ಮರುದಿನ ಅವಳೇ ಸೈಮನ್ನನ ಬಾಗಿಲಿಗೆ ಹೋದಳು. ತಪ್ಪು ನನ್ನದು, ಅಜ್ಜ ಅದನ್ನು ಮುಚ್ಚಿಟ್ಟಿದ್ದ ಎಂದು ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿ ಕೈಮುಗಿದಳು.

"ಮುಚ್ಚಿಟ್ಟಿದ್ದೇ ತಪ್ಪು," ಎಂದ ಸೈಮನ್. "ಅಪ್ಪನನ್ನು ಯಾರೂ ಆರಿಸಿಕೊಂಡು ಹುಟ್ಟುವುದಿಲ್ಲ. ಪೀಟರ್ ಮೊದಲ ದಿನವೇ ಹೇಳಿದ್ದರೆ ನಾನೇ ಅವನಿಗೆ ಚಹಾ ಮಾಡಿಕೊಡುತ್ತಿದ್ದೆ. ನಮ್ಮವರ ಒಬ್ಬೊಬ್ಬರ ಹೆಸರೂ ಹೇಳಿ ಅವನ ಮುಂದೆ ಅತ್ತಿದ್ದೇನೆ. ಆಗಲೂ ಸುಮ್ಮನೆ ಕೂತಿದ್ದ."

ಅವಳು ಮರಳಿದಾಗ ಅಜ್ಜ ತನ್ನ ಮನೆ ಬಾಗಿಲಲ್ಲೇ ಕಾಯುತ್ತಿದ್ದ. ಏನಂದ ಎಂದು ಕೇಳಿದ. ಕಾಶವ್ವ, ಸೈಮನ್ ಮನೆಯಲ್ಲಿರಲಿಲ್ಲ ಎಂದುಬಿಟ್ಟಳು.

ಹಾಗಾದರೆ ಭಾನುವಾರ ಬಂದೇ ಬರುತ್ತಾನೆ ಎಂದು ಅಜ್ಜ ಚೆಸ್ ಜೋಡಿಸಿಟ್ಟ. ಅದರ ಮುಂದಿನ ಭಾನುವಾರವೂ ಜೋಡಿಸಿದ. ಫೆಬ್ರುವರಿಯಲ್ಲಿ ಅವನು ತೀರಿಕೊಂಡ ಮೇಲೆ ಕಾಯಿಗಳನ್ನು ತೆಗೆದಿಟ್ಟವಳು ಕಾಶವ್ವ. ಒಂದೂ ಇಟ್ಟ ಜಾಗದಿಂದ ಕದಲಿರಲಿಲ್ಲ.