ಹಟ್ಟಿಯ ಲೌಡ್‌ಸ್ಪೀಕರಿನಲ್ಲಿ ಟೆಸ್ಟ್ ಪಂದ್ಯ

ಮೂರು ಗಂಟೆ ಐವತ್ತೆಂಟು ನಿಮಿಷಕ್ಕೆ ನಾನು ರೇಡಿಯೋದ ಗುಂಡಿ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ. ಕಾಲೇಜಿಗೆ ಸೇರಿದ ವರ್ಷ ಅಪ್ಪ ಕೊಡಿಸಿದ ಗಡಿಯಾರ ಕೈಯಲ್ಲಿತ್ತು, ಅದನ್ನು ನೋಡಿದ್ದೂ ನೆನಪಿದೆ. ಈ ಓವರ್ ಮುಗಿಯಲಿ ಅಂದುಕೊಂಡೆ.

ಕಟ್ಟಬೆಟ್ಟು ಪೇಟೆಯಿಂದ ಒಂದು ಮೈಲಿ ಕೆಳಗೆ ನಮ್ಮ ಹಟ್ಟಿ. ಮೂವತ್ತು ಮನೆ, ಮನೆಗೊಂದು ತುಂಡು ಟೀ ತೋಟ. ತೋಟಗಳಲ್ಲಿ ಹೆಚ್ಚಿನವು ಹಳ್ಳದ ಆಚೆ ಬದಿಗಿದ್ದವು. ಕಿತ್ತ ಎಲೆಯನ್ನು ಹೆಂಗಸರು ಹೊತ್ತು, ಹಳ್ಳದ ಮೇಲೆ ಹಾಕಿದ್ದ ಎರಡು ಸಿಲ್ವರ್ ಓಕ್ ದಿಮ್ಮಿಗಳನ್ನು ದಾಟಿ, ಈಚೆಯ ತೂಕದ ಶೆಡ್ಡಿಗೆ ತರಬೇಕು. ಐದಕ್ಕೆ ಮುಂಚೆ ಫ್ಯಾಕ್ಟರಿ ಲಾರಿ ಬರುತ್ತಿತ್ತು. ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳು ಹಿಡಿದರೆ ಮಂಜು ಎಷ್ಟು ದಟ್ಟವೆಂದರೆ ಬೆಳಿಗ್ಗೆ ಯಾವುದು, ಸಂಜೆ ಯಾವುದು ತಿಳಿಯುವುದಿಲ್ಲ. ನನ್ನನ್ನು ಬಿಟ್ಟರೆ ಯಾರ ಬಳಿಯೂ ಗಡಿಯಾರವಿರಲಿಲ್ಲ. ಇದ್ದದ್ದು ಪಂಚಾಯಿತಿ ರೇಡಿಯೋ, ಅದರ ಕೊಠಡಿಯ ಮೇಲಿನ ಕಂಬಕ್ಕೆ ಕಟ್ಟಿದ್ದ ಲೌಡ್‌ಸ್ಪೀಕರು. ನಾಲ್ಕು ಗಂಟೆಗೆ ಹಳ್ಳಿಗರ ಕಾರ್ಯಕ್ರಮ ಶುರುವಾಗುತ್ತಿತ್ತು. ಮೊದಲು ನಾದಸ್ವರ, ಆಮೇಲೆ ಮಳೆಗಾಳಿಯ ಎರಡು ಮಾತು. ನಾದಸ್ವರ ಕೇಳಿದೊಡನೆ ಹೆಂಗಸರು ಬುಟ್ಟಿ ಕಟ್ಟಿ ಇಳಿಯುತ್ತಿದ್ದರು. ಇದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಹಾಗೇ ನಡೆದು ಬಂದಿತ್ತು.

ಕೊಠಡಿಯ ಬೀಗದ ಕೈ ನನ್ನ ಬಳಿ ಇತ್ತು. ಕೊಯಮತ್ತೂರಿನಲ್ಲಿ ಬಿ.ಎ. ಮುಗಿಸಿ ಬಂದು ಕೆಲಸಕ್ಕೆ ಅರ್ಜಿ ಹಾಕುತ್ತ ಕೂತಿದ್ದವನಿಗೆ ಹಟ್ಟಿ ಕೊಟ್ಟ ಹುದ್ದೆ ಅದೊಂದೇ. ಹಾಸ್ಟೆಲಿನಲ್ಲಿ ಒಂದು ರೇಡಿಯೋದ ಸುತ್ತ ನಲವತ್ತು ಜನ ಕೂತು ಕಾಮೆಂಟರಿ ಕೇಳುತ್ತಿದ್ದೆವು. ಇಲ್ಲಿ ನಾನೊಬ್ಬನೇ. ವಿಕೆಟ್ ಬಿದ್ದರೆ ತಿರುಗಿ ನೋಡಿ ಹೇಳಲು ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಶೆಡ್ಡಿನ ಗಂಡಸರು ಇಣುಕಿ, "ಏನು ಬಿ.ಎ., ನಿನ್ನವ ಇನ್ನೂ ಔಟಾಗಿಲ್ಲೆಯಾ?" ಎಂದು ಕೇಳಿ ನಗುತ್ತಿದ್ದರು. "ಐದು ದಿನ ಆಡಿಯೂ ಗೆಲ್ಲದಿದ್ದರೆ ಯಾಕ ಆಡೋದು? ಅಷ್ಟರಲ್ಲಿ ಒಂದು ತೋಟದ ಗಿಡ ಕತ್ತರಿಸಿ ಕವಾತು ಮುಗಿಸಬಹುದು" ಎನ್ನುತ್ತಿದ್ದರು. ನನಗೆ ಮಾತ್ರ ಆ ಇಂಗ್ಲಿಷ್ ದನಿ ಹಳೆಯ ಗೆಳೆಯರ ನಡುವೆ ಮತ್ತೆ ಕೂತ ಹಾಗೆ. ಅದಕ್ಕೇ ಕಾಮೆಂಟರಿಯ ದಿನ ಲೌಡ್‌ಸ್ಪೀಕರಿಗೂ ಅದನ್ನೇ ಹಾಕುತ್ತಿದ್ದೆ. ಗಾಳಿಯಲ್ಲಾದರೂ ಹಂಚಿಕೊಂಡ ಹಾಗಾಗಲಿ ಎಂದು.

ಮೊದಲು ರೇಡಿಯೋದವರೇ ನಾಲ್ಕಕ್ಕೆ ಪಂದ್ಯ ನಿಲ್ಲಿಸಿ ಹಳ್ಳಿಗರ ಕಾರ್ಯಕ್ರಮ ಹಾಕುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಆಟ ಬಿಸಿಯಾಗುವ ಹೊತ್ತಿಗೇ ಗೊಬ್ಬರದ ಮಾತು! ಮೊದಲ ಎಸೆತದಿಂದ ಕೊನೆಯ ಎಸೆತದವರೆಗೆ ಕತ್ತರಿಸದೆ ಕೇಳಿಸಬೇಕೆಂದು ಇಂಗ್ಲಿಷಿನಲ್ಲಿ ಮನವಿ ಬರೆದೆ. ಶೆಡ್ಡಿನಲ್ಲಿ ಕೂತವರಿಂದ ಸಹಿ, ಹೆಬ್ಬೆಟ್ಟು ಹಾಕಿಸಿದೆ. ನಮ್ಮ ಅತ್ತಿಗೆಯೂ ಹಾಕಿದಳು. "ಇದರಿಂದ ನಿನಗ ಕೆಲಸ ಸಿಕ್ಕೀತಾ?" ಎಂದು ಕೇಳಿದಳು. "ಸಿಗಬಹುದು" ಎಂದೆ. ನನ್ನಂಥವರು ಊರೂರಿನಿಂದ ಬರೆದಿರಬೇಕು. ಮರುವರ್ಷ ಕಾಮೆಂಟರಿ ಸಂಜೆಯವರೆಗೆ ಎಡೆಬಿಡದೆ ಬಂತು, ಹಳ್ಳಿಗರ ಕಾರ್ಯಕ್ರಮ ಇನ್ನೊಂದು ನಿಲಯಕ್ಕೆ ಹೋಯಿತು. ಅದನ್ನು ಇಂಗ್ಲಿಷಿನಲ್ಲೇ ಹೇಳಿದರು. ಹಟ್ಟಿಯಲ್ಲಿ ಅದು ಗೊತ್ತಿದ್ದವನು ನಾನೊಬ್ಬ. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಮುಳ್ಳನ್ನು ಆ ನಿಲಯಕ್ಕೆ ತಿರುಗಿಸುವುದು, ಅಷ್ಟೇ ಕೆಲಸ.

ಆ ಓವರ್ ಮುಗಿಯಿತು, ಇನ್ನೊಂದು ಶುರುವಾಯಿತು. ಉತ್ತರದ ಯಾವುದೋ ಊರಿನಲ್ಲಿ ಹೊಳೆಯುವ ಬಿಸಿಲು ಎಂದು ಕಾಮೆಂಟರಿಯವರು ಹೇಳುತ್ತಿದ್ದರು. ನನ್ನ ಕೊಠಡಿಯ ತಗಡಿನ ಮೇಲೆ ಮಳೆ ಬೀಳುತ್ತಿತ್ತು. ದೊಡ್ಡ ಮಳೆಯೇನಲ್ಲ. ದೊಡ್ಡದು ಮೇಲೆ, ಗುಡ್ಡದ ತಲೆಯಲ್ಲಿ ಬಿದ್ದಿತ್ತು. ನಾಲ್ಕು ಇಪ್ಪತ್ತೈದಕ್ಕೆ ಒಂದು ಸದ್ದು ಕೇಳಿತು. ಲಾರಿ ಬಂತು ಅಂದುಕೊಂಡೆ. ಲಾರಿಯಲ್ಲ, ಹಳ್ಳ.

ನಾನು ಓಡಿ ಹೋದಾಗ ನೀರು ದಿಮ್ಮಿಗಳನ್ನು ಮುಟ್ಟಿತ್ತು. ನಾಲ್ವರು ಹೆಂಗಸರು ಈಚೆಗೆ ಬಂದಿದ್ದರು. ಅತ್ತಿಗೆ ನಡುವೆ ಇದ್ದಳು. ಅವಳ ಹಿಂದೆ ಪಕ್ಕದ ಮನೆಯ ಹೆತ್ತೆ, ಅರವತ್ತು ದಾಟಿದ ಅಜ್ಜಿ, ಬುಟ್ಟಿ ಬಿಡದೆ ಬರುತ್ತಿದ್ದಳು. "ಬುಟ್ಟಿ ಬಿಡು!" ಎಂದು ಎಲ್ಲರೂ ಕೂಗಿದರು. ಮುದುಕಿ ಬಿಡಲಿಲ್ಲ. ಒಂದು ದಿಮ್ಮಿ ಮಗುಚಿತು. ಅತ್ತಿಗೆ ಹಿಂದೆ ತಿರುಗಿ ಅವಳ ಸೆರಗು ಹಿಡಿದದ್ದು, ಇಬ್ಬರೂ ಸೊಂಟದವರೆಗೆ ನೀರಿಗಿಳಿದದ್ದು, ಅತ್ತಿಗೆಯ ಇನ್ನೊಂದು ಕೈಗೆ ದಡದ ಮರದ ಬೇರು ಸಿಕ್ಕಿದ್ದು ಎಲ್ಲವೂ ಒಂದೇ ಉಸಿರಿನಲ್ಲಿ ಆಯಿತು. ನಾನು ನಿಂತಿದ್ದೆ. ಶೆಡ್ಡಿನ ಗಂಡಸರು ನನ್ನನ್ನು ದೂಡಿಕೊಂಡು ಹೋಗಿ ಇಬ್ಬರನ್ನೂ ಎಳೆದರು. ಅಷ್ಟು ಹೊತ್ತೂ ನಮ್ಮ ತಲೆಯ ಮೇಲೆ ಲೌಡ್‌ಸ್ಪೀಕರಿನಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಯಾರೋ ನೂರು ಹೊಡೆದಿದ್ದರು.

ಅತ್ತಿಗೆಗೆ ಕೈ ತರಚಿತ್ತು. ಹೆತ್ತೆಯ ಕಾಲಿನ ಎಲುಬು ಮುರಿದಿತ್ತು.

"ಯಾಕ ಇಷ್ಟು ತಡ ಮಾಡಿದಿರಿ?" ಎಂದು ಹೆತ್ತೆಯ ಮಗ ಶೆಡ್ಡಿನಲ್ಲಿ ಕೇಳಿದ. ಒಬ್ಬಳು ಅತ್ತಿಗೆಯ ಕಡೆ ಕೈ ತೋರಿಸಿದಳು. "ಇವಳೇ ಹೇಳಿದ್ದು. ಇಂಗ್ಲಿಷ್ ಇನ್ನೂ ನಿಂತಿಲ್ಲೆ, ಹೊತ್ತಾಗಿಲ್ಲೆ, ಇನ್ನೊಂದು ಸಾಲು ಕುಯ್ಯುವೊ ಅಂದಳು." ಅತ್ತಿಗೆ ಇಲ್ಲವೆನ್ನಲಿಲ್ಲ. ತಲೆ ತಗ್ಗಿಸಿದಳು. ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಆಮೇಲಿನ ಎರಡು ತಿಂಗಳು ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ದಿಮ್ಮಿ ಮಗುಚುತ್ತಿತ್ತು. ಕೆಲವು ಸಲ ಅತ್ತಿಗೆಗೆ ಬೇರು ಸಿಗುತ್ತಿರಲಿಲ್ಲ. ಹೆತ್ತೆಯ ಮನೆಯವರು ಅತ್ತಿಗೆಯೊಡನೆ ಮಾತು ಬಿಟ್ಟರು. ಹಳ್ಳಕ್ಕೆ ಕಬ್ಬಿಣದ ಹಲಗೆ ಹಾಕಿಸಿದರೂ ಅವಳು ಅದರ ಮೇಲೆ ಕಾಲಿಡಲಿಲ್ಲ. ಎರಡು ಮೈಲಿ ರಸ್ತೆ ಸುತ್ತಿ ಒಬ್ಬಳೇ ತೋಟಕ್ಕೆ ಹೋಗಿ ಬರುತ್ತಿದ್ದಳು. ಅಪ್ಪ ತೀರಿಹೋಗಿದ್ದ, ಅಣ್ಣ ಮಿಲಿಟರಿಯಲ್ಲಿದ್ದ. ಮನೆಯಲ್ಲಿ ಅವ್ವೆ, ಅವಳು, ನಾನು. ಅವಳು ಬಡಿಸುತ್ತಿದ್ದಳು, ನಾನು ಉಣ್ಣುತ್ತಿದ್ದೆ.

ಇದೆಲ್ಲ ಆಗಿ ಕೆಲವು ವರ್ಷಗಳ ಮೇಲೆ, ಮೊನ್ನೆ, ಮದರಾಸಿನಿಂದ ಹಾಸ್ಟೆಲ್ ಗೆಳೆಯನೊಬ್ಬನ ಕಾಗದ ಬಂದಿತ್ತು. ಅಲ್ಲಿ ಈಗ ಟೆಲಿವಿಷನ್ ಇದೆ, ಪಂದ್ಯವನ್ನು ದಿನವಿಡೀ ತೋರಿಸುತ್ತಾರೆ, ಮಕ್ಕಳ ಕಾರ್ಯಕ್ರಮ ತೆಗೆದರೆಂದು ಹೆಂಡತಿ ಜಗಳವಾಡುತ್ತಾಳೆ, ನೀನೇ ಹೇಳು ಪಂದ್ಯಕ್ಕೆ ಎಷ್ಟು ಹೊತ್ತು ಕೊಡಬೇಕು, ಎಂದು ಬರೆದಿದ್ದ. ನಮ್ಮ ಬೆಟ್ಟಕ್ಕೆ ಆ ಚಿತ್ರ ಇನ್ನೂ ಹತ್ತಿಲ್ಲ. ಎಷ್ಟು ಬೇಕಾದರೂ ಕೊಡಲಿ, ಆದರೆ ಯಾವುದನ್ನು ತೆಗೆದು ಕೊಡುತ್ತಿದ್ದೇವೆಂದು, ಅದನ್ನು ನಂಬಿ ಕೂತವರಿಗೆ ಅವರ ಭಾಷೆಯಲ್ಲಿ ಮುಂಚೆಯೇ ಹೇಳಲಿ, ಎಂದು ಉತ್ತರ ಬರೆದೆ. ನನಗೆ ಏನಾಯಿತೆಂದು ಮಾತ್ರ ಬರೆಯಲಿಲ್ಲ. ಅವನಿಗೆ ನಾನು ಇಂದಿಗೂ ಹಾಸ್ಟೆಲಿನ ಆ ಹುಡುಗನೇ.

ಆ ವರ್ಷ, ಪೊಂಗಲ್ ಬರುವ ತೈ ತಿಂಗಳು ಹತ್ತಿರವಾದಾಗ, ಹೆತ್ತೆ ಕೋಲೂರಿಕೊಂಡು ಶೆಡ್ಡಿಗೆ ಬಂದು ಕೂರತೊಡಗಿದಳು. ಒಂದು ಸಂಜೆ ರಸ್ತೆ ಸುತ್ತಿ ಬಂದ ಅತ್ತಿಗೆ ಸಾಲಿನ ಕೊನೆಯಲ್ಲಿ ನಿಂತಳು. ಯಾರೂ ಅವಳ ಬುಟ್ಟಿ ಇಳಿಸಲು ಕೈ ಕೊಡಲಿಲ್ಲ. ನಾನೇ ಹೋಗಿ ಇಳಿಸಿದೆ. ಇಳಿಸಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಆ ದಿನ ನಾದಸ್ವರ ಬೇರೆ ನಿಲಯದಲ್ಲಿ ಬರುತ್ತಿತ್ತು. ಎನಗ ಗೊತ್ತಿತ್ತು. ನಾನು ತಿರುಗಿಸಲಿಲ್ಲೆ. ಅದು ಎನ್ನ ತಪ್ಪು, ಇವಳದಲ್ಲ." ಹೆಬ್ಬೆಟ್ಟು ಹಾಕಿಸಿಕೊಂಡ ಮನವಿಯಲ್ಲಿ ಏನಿತ್ತೆಂಬುದನ್ನೂ ಹೇಳಿದೆ.

ತಕ್ಕಡಿ ಹಿಡಿದವನು ಹಾಗೇ ನಿಂತ. ಹೆತ್ತೆ ಕೋಲಿನ ಮೇಲೆ ಮುಂದೆ ಬಾಗಿ ಕೇಳಿದಳು: "ಆ ಆಟದಲ್ಲಿ ಯಾರು ಗೆದ್ದ?"

"ಯಾರೂ ಇಲ್ಲೆ, ಹೆತ್ತೆ. ಡ್ರಾ."

"ಹಾಗಾದರೆ ಎನ್ನ ಕಾಲು ಹೋದದ್ದು ಡ್ರಾಗಾ?"

ಜನ ನಕ್ಕರು. ಹೆತ್ತೆಯ ಮಗ ನಗಲಿಲ್ಲ. ಅತ್ತಿಗೆಯೂ ನಗಲಿಲ್ಲ. ಖಾಲಿ ಬುಟ್ಟಿ ಎತ್ತಿಕೊಂಡು ಹೊರಟುಹೋದಳು. ಮನೆಯಲ್ಲಿ ತಟ್ಟೆ ಇಟ್ಟು ಒಂದೇ ಮಾತು ಹೇಳಿದಳು. "ಎರಡು ತಿಂಗಳು ಎನ್ನ ಮುಖ ನೋಡಿಕೊಂಡೇ ಅನ್ನ ತಿಂದೆಯಲ್ಲ." ಆಮೇಲೆ ನನ್ನೊಡನೆ ಮಾತಿಲ್ಲ. ಹೆತ್ತೆಯ ಮನೆಯವರು ಅವಳೊಡನೆ ಮಾತಾಡತೊಡಗಿದರು. ಹೇಳಿಬಿಟ್ಟರೆ ನಿದ್ದೆ ಬಂದೀತು ಎಂದುಕೊಂಡಿದ್ದೆ. ಬರಲಿಲ್ಲ.

ಹಟ್ಟಿಯ ಹಿರಿಯರು ಸೇರಿದರು. ಬೀಗದ ಕೈ ಕಿತ್ತುಕೊಳ್ಳುತ್ತಾರೆಂದು ನಾನು ಅದನ್ನು ಮುಂದಿಟ್ಟೆ. ಹಿಂದಕ್ಕೆ ಕೊಟ್ಟರು. "ಆಟ ಕೇಳಬೇಡ ಅನ್ನೋದಿಲ್ಲೆ. ಮೂರೂವರೆವರೆಗೆ ನಿನ್ನ ಆಟ. ಆಮೇಲೆ ಲಾರಿ ಹೋಗುವವರೆಗೆ ಹೆಂಗಸರ ಹೊತ್ತು" ಎಂದರು. ಎಷ್ಟು ಹೊತ್ತು ಎಂಬುದನ್ನು ಅವರು ಅಷ್ಟು ಸುಲಭವಾಗಿ ತೀರ್ಮಾನಿಸಿದರು.

ಪೊಂಗಲ್ ಹೊತ್ತಿಗೆ ಮದರಾಸಿನಲ್ಲೇ ಪಂದ್ಯ. ಕೊನೆಯ ದಿನ, ನಮ್ಮವರಿಗೆ ಬೇಕಾದದ್ದು ಎರಡೇ ವಿಕೆಟ್. ಮೂರೂವರೆಗೆ ತಿರುಗಿಸಿದೆ. ಯಾವುದೋ ಭಾಷಣ ಬಂತು, ಆಮೇಲೆ ನಾದಸ್ವರ. ಕೊಠಡಿಯಲ್ಲಿ ಕೂರಲಾಗಲಿಲ್ಲ. ಹಳ್ಳದ ಬಳಿ ಹೋಗಿ ನಿಂತೆ. ಮಂಜಿನೊಳಗಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಐದನೆಯವಳು ಅತ್ತಿಗೆ. ರಸ್ತೆ ಸುತ್ತಲು ಹೋಗಿರಲಿಲ್ಲ. ಹಲಗೆಯ ತುದಿಯಲ್ಲಿ ನಿಂತಳು. ನೀರು ಮೊಣಕಾಲಷ್ಟೂ ಇರಲಿಲ್ಲ. ನಾನು ಕೈ ಚಾಚಿದೆ. ಅವಳು ಹಿಡಿಯಲಿಲ್ಲ, ತಾನೇ ದಾಟಿದಳು. ದಾಟಿ ನನ್ನ ಪಕ್ಕದಲ್ಲಿ ಬುಟ್ಟಿ ಸರಿಮಾಡಿಕೊಳ್ಳುತ್ತ ಕೇಳಿದಳು.

"ನಿನ್ನ ಮ್ಯಾಚ್ ಏನಾತು?"

"ಗೊತ್ತಿಲ್ಲೆ ಅತ್ತಿಗೆ."

"ಮತ್ತ? ನಾಳೆ ಪೇಪರು ಬಂದರೆ ಎನಗೂ ಹೇಳು."

ಆ ದಿನ ಊಟ ಮಾಡಿ ಮಲಗಿದವನಿಗೆ ಎಚ್ಚರವಾದದ್ದು ಬೆಳಿಗ್ಗೆ ಅವ್ವೆ ಬಾಗಿಲು ತೆಗೆದಾಗಲೇ.