ಹಳೇ ಬಂದೂಕಿನ ನಾಡಿ ಹಿಡಿಯುವ ಕೋನಪ್ಪ

ಆಯುಧಪೂಜೆಯ ದಿನ ಬಂದೂಕಿನ ಬಾಯಿಗೆ ಇಡುವ ನಿಂಬೆಹಣ್ಣು ಇಡಿಯಾಗಿರಬೇಕೋ ಹೋಳಾಗಿರಬೇಕೋ ಎಂಬುದು ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ದೊಡ್ಡ ಮನೆಗಳನ್ನು ತಲೆಮಾರುಗಳಿಂದ ಕಾಡಿರುವ ಘನಗಂಭೀರ ಪ್ರಶ್ನೆ. ಇಡೀ ಹಣ್ಣಿನ ಪಕ್ಷದವರು ಹೋಳಿನ ಪಕ್ಷದ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡಿದ್ದೂ ಉಂಟಂತೆ. ಈ ವ್ಯಾಜ್ಯಕ್ಕೆ ತೀರ್ಪು ಕೊಡಬಲ್ಲವರು ಚಿಂತಾಮಣಿಯಲ್ಲಿ ಒಬ್ಬರೇ. ಅವರ ತೀರ್ಪು ಇದು: "ಎರಡೂ ಬೇಡ. ಪಕ್ಕದಲ್ಲಿ ಒಂದು ತೆಂಗಿನಕಾಯಿ ಒಡೀರಿ, ಸಾಕು."

ಹೆಸರು ಕೋನಪ್ಪ, ವಯಸ್ಸು ಅರವತ್ತೊಂದು. ಬೆಳಗಿನ ಆರೂಕಾಲು. ಪೇಟೆಯ ಲೈಸೆನ್ಸುದಾರ ಬಂದೂಕಿನ ಅಂಗಡಿಯೊಂದರ ಹಿಂದಿನ ಜಗಲಿಯಲ್ಲಿ ಅವರು ಪೂರ್ವಕ್ಕೆ ಮುಖ ಮಾಡಿ ಕೂತಿದ್ದಾರೆ. ಮಡಿಲಲ್ಲಿ ಜೋಡುನಳಿಗೆಯ ಬಂದೂಕು. ಅದನ್ನು ಮಡಚಿ, ತೋಟಾ ಇಲ್ಲವೆಂದು ಮೊದಲು ಕಣ್ಣಲ್ಲಿ ನೋಡುತ್ತಾರೆ, ಆಮೇಲೆ ಕಿರುಬೆರಳಿನಲ್ಲಿ ಮುಟ್ಟಿ ನೋಡುತ್ತಾರೆ. ನಂತರ ನಳಿಗೆ ಬಿಚ್ಚಿ, ದೂರದರ್ಶಕದ ಹಾಗೆ ಸೂರ್ಯನ ಕಡೆಗೆ ಹಿಡಿಯುತ್ತಾರೆ. "ಮಧ್ಯಾಹ್ನ ಎಲ್ಲ ನಳಿಗೇನೂ ಹೊಳೀತದೆ. ಎಳೆಬಿಸಿಲಲ್ಲಿ ಅದು ಸುಳ್ಳು ಹೇಳಕ್ಕಾಗಲ್ಲ" ಎನ್ನುತ್ತಾರೆ.

ಬಂದೂಕು ಬಂದಿರುವುದು ಶಿಡ್ಲಘಟ್ಟದ ಕಡೆಯ ಹಳ್ಳಿಯಿಂದ, ಹಳೇ ರೇಷ್ಮೆ ಸೀರೆಯಲ್ಲಿ ಸುತ್ತಿಕೊಂಡು, ಜೀಪಿನಲ್ಲಿ. ತಂದವರು ಹಿಪ್ಪುನೇರಳೆ ತೋಟದ ಯಜಮಾನ ಚನ್ನಕೇಶವ. ಜೊತೆಯಲ್ಲಿ ಅವರ ತಾಯಿ, ಎಪ್ಪತ್ತೆಂಟರ ಚಿಕ್ಕವೆಂಕಟಮ್ಮ. ಬರುವ ಗುರುವಾರ ಆಕೆಯ ಮಗಳ ಮಗಳ ಮದುವೆ. ತಾಳಿ ಕಟ್ಟುವ ಗಳಿಗೆಯಲ್ಲಿ ಆ ಮನೆಯ ಮದುಮಗಳ ಅಥವಾ ಮದುಮಗನ ಸೋದರಮಾವ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸುವುದು ಆ ಮನೆಯ ಪದ್ಧತಿ. ಈ ಸಲದ ಸೋದರಮಾವ ಎಂದರೆ ಚನ್ನಕೇಶವರೇ. ಬಂದೂಕು ಕೊನೆಯ ಸಲ ಹಾರಿದ್ದು ಅವರದೇ ಮದುವೆಯಲ್ಲಿ, ಇಪ್ಪತ್ತೇಳು ವರ್ಷದ ಹಿಂದೆ.

ಮೂವತ್ತು ವರ್ಷ ಪೊಲೀಸ್ ಆಯುಧಾಗಾರದಲ್ಲಿ ರಿಪೇರಿ ಮಾಡಿ ಕೋನಪ್ಪ ೧೯೮೬ರಲ್ಲಿ ನಿವೃತ್ತರಾದರು. ಆಮೇಲಿನ ಆರು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಮನೆಬಂದೂಕುಗಳನ್ನು ನೋಡಿದ್ದಾರೆ. ಸಾಧಾರಣ ದಿನಗಳಲ್ಲಿ ವಾರಕ್ಕೊಂದು, ದಸರೆಗೆ ಮುಂಚೆ ದಿನಕ್ಕೆ ನಾಲ್ಕೈದು. ಪ್ರತಿಯೊಂದರ ಹಿಂದೆಯೂ ಒಂದು ಚಿರತೆಯ ಕಥೆ ಬರುತ್ತದೆ. ಅಷ್ಟೂ ಚಿರತೆಗಳು ನಿಜವಾಗಿದ್ದರೆ ನಂದಿ ಬೆಟ್ಟದಲ್ಲಿ ಅವುಗಳಿಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಬೆಟ್ಟದ ಬುಡದ ಹಳ್ಳಿಯಲ್ಲೇ ಕೋನಪ್ಪ ಹುಟ್ಟಿದ್ದು. "ನಮ್ಮಪ್ಪ ಇಂಥ ಬಂದೂಕುಗಳ ಮುಂದೆ ಪೊದೆ ಬಡ್ಕೊಂಡು ಓಡ್ತಿದ್ದೋನು, ಮೊಲ ಎಬ್ಬಿಸೋಕೆ. ಗುರಿ ಇಡೋಕೆ ಮುಟ್ಟೋ ಹಾಗಿರಲಿಲ್ಲ. ಹೊರೋಕೆ ಮಾತ್ರ ಮುಟ್ಟಬಹುದಿತ್ತು" ಎಂದು ನಗುತ್ತಾರೆ. ಆದರೂ ಆ ದಿನಗಳ ಮಾತು ಬಂದರೆ ಅವರ ದನಿ ಮೆತ್ತಗಾಗುತ್ತದೆ. ಇಬ್ಬನಿಯಲ್ಲಿ ಒದ್ದೆಯಾದ ಬೋದೆಹುಲ್ಲು, ಗೌಜಲು ಹಕ್ಕಿಗಳ ಕೂಗು, ಬೆಳಗಿನ ಗಾಳಿಯಲ್ಲಿ ಕರಿಮದ್ದಿನ ವಾಸನೆ. "ಆ ವಾಸನೆ ಈಗಿನ ತೋಟಾದಲ್ಲಿ ಇಲ್ಲ ಬಿಡಿ."

"ಇದು ಇಂಗ್ಲೆಂಡಿನ ರಾಣಿ ಕಾಲದ್ದು" ಎನ್ನುತ್ತಾರೆ ಚನ್ನಕೇಶವ. "ನೋಡಿ, ಕಿರೀಟದ ಮುದ್ರೇನೂ ಇದೆ."

ಕೋನಪ್ಪ ನಳಿಗೆಯ ಹೊಟ್ಟೆ ತಿರುಗಿಸುತ್ತಾರೆ. ಮೊಟ್ಟೆಯಾಕಾರದ ಗೆರೆಯೊಳಗೆ ಮೂರಕ್ಷರ, ಮೇಲೊಂದು ಕಿರೀಟ. "ಬೆಲ್ಜಿಯಂದು ಸ್ವಾಮಿ. ಅವರಿಗೂ ರಾಜರಿದ್ರು. ಮೇಲೆ ಇಂಗ್ಲಿಷ್ ಹೆಸರು ಕೆತ್ತಿ ಮಾರೋರು."

"ಏನೋ ಕೋನಪ್ಪ" ಎಂದು ಚಿಕ್ಕವೆಂಕಟಮ್ಮ ಗದರಿಸುತ್ತಾರೆ. ಮಗ ಬಹುವಚನದಲ್ಲಿ ಮಾತಾಡಿಸಿದರೂ ತಾಯಿಯದು ಏಕವಚನವೇ. "ನಮ್ಮ ಮಾವನೋರು ತಂದಿದ್ದಕ್ಕೇ ಕೊಂಕು ತೆಗೀತೀಯಲ್ಲ!"

"ಕೊಂಕು ಎಲ್ಲಮ್ಮ, ಬರೆದಿರೋದನ್ನ ಓದಿದೆ ಅಷ್ಟೆ."

ನಳಿಗೆಯ ಮೈಮೇಲೆ ನೇಯ್ದ ಬಟ್ಟೆಯ ಹಾಗೆ ಸಣ್ಣ ಅಲೆಗಳಿವೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಒಟ್ಟಿಗೆ ಹೊಸೆದು, ಕಾಯಿಸಿ ಬಡಿದು ಮಾಡಿದ ನಳಿಗೆ. ಅದು ಕರಿಮದ್ದಿಗೆಂದು ಮಾಡಿದ್ದು. ಹಿಂದಿನವರು ತೋಟಾಕ್ಕೆ ತಾವೇ ಕರಿಮದ್ದು ತುಂಬಿಕೊಳ್ಳುತ್ತಿದ್ದರು. ಈಗ ಅಂಗಡಿಯಲ್ಲಿ ಸಿಗುವ ತೋಟಾದ ಒತ್ತಡವನ್ನು ಅದು ತಡೆಯುವ ಭರವಸೆ ಇಲ್ಲ. ಕೋನಪ್ಪ ನಳಿಗೆಯನ್ನು ದಾರದಲ್ಲಿ ತೂಗುಬಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಗಟ್ಟಿ ಇದ್ದರೆ ದೇವಸ್ಥಾನದ ಗಂಟೆಯ ಹಾಗೆ ನಾದ ನಿಲ್ಲಬೇಕು. ಇದು ಒಡೆದ ಬಿಂದಿಗೆಯ ಹಾಗೆ ಡಬ್ ಎನ್ನುತ್ತದೆ.

"ಬೇಡ" ಎನ್ನುತ್ತಾರೆ ಕೋನಪ್ಪ.

"ಒಂದೇ ಒಂದು ತೋಟಾ, ಕೋನಪ್ಪನವರೇ."

"ಸಿಡಿಯೋಕೂ ಒಂದೇ ಸಾಕು, ಸ್ವಾಮಿ."

"ನಾಕು ತಲೆಮಾರಿಂದ ನಡೆದಿದ್ದು ನನ್ನ ಕಣ್ಣ ಮುಂದೆ ನಿಲ್ಲಬೇಕಾ?" ಚಿಕ್ಕವೆಂಕಟಮ್ಮ ಎದ್ದೇ ನಿಲ್ಲುತ್ತಾರೆ. "ಜೋಪಾನವಾಗಿ ಹಾರಿಸ್ತಾನೆ ಬಿಡೋ."

ಆ ಮಾತು ಕೇಳಿ ಕೋನಪ್ಪ ಸುತ್ತಿಗೆ ಕೆಳಗಿಡುತ್ತಾರೆ. ಎಂಬತ್ತೇಳರ ಯುಗಾದಿಯಲ್ಲಿ ಗೌರಿಬಿದನೂರಿನ ಕಡೆಯ ಒಬ್ಬರು ಇಂಥದ್ದೇ ಬಂದೂಕು ತಂದಿದ್ದರು. "ದೊಡ್ಡ ಮನುಷ್ಯರು, ಹೇಗೆ ಬೇಡ ಅನ್ನೋದು ಅಂತ ಜೋಪಾನ ಅಂದುಬಿಟ್ಟೆ ಅಮ್ಮ. ನಳಿಗೆ ಸಿಡಿದು ಅವರ ಎಡಗೈಯ ಮೂರು ಬೆರಳು ಹೋದವು. ಅವರು ಇವತ್ತಿಗೂ ನನ್ನನ್ನ ಬಯ್ದಿಲ್ಲ. ಬಯ್ದಿದ್ರೆ ವಾಸಿ ಇತ್ತು."

ಅಂದಿನಿಂದ ಅವರ ಬಳಿ ಇರುವುದು ಎರಡೇ ಉತ್ತರ: ಆಗುತ್ತದೆ, ಬೇಡ. ಬೇಡ ಅನ್ನಿಸಿಕೊಂಡ ಅರವತ್ತು ಚಿಲ್ಲರೆ ಮನೆಗಳವರಲ್ಲಿ ಹೆಚ್ಚಿನವರು ಸಂತೆಯಲ್ಲಿ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ.

ಕೋನಪ್ಪ ನಳಿಗೆಯನ್ನು ಚಿಕ್ಕವೆಂಕಟಮ್ಮನ ಕೈಗೇ ಕೊಡುತ್ತಾರೆ. "ನೀವೇ ನೋಡಿ ಅಮ್ಮ."

ಆಕೆ ಒಂದು ಕಣ್ಣು ಮುಚ್ಚಿ ಬೆಳಕಿನ ಕಡೆ ನೋಡುತ್ತಾರೆ. "ಏನಪ್ಪಾ ಇದು, ಸಿಡುಬಿನ ಮುಖ ಇದ್ದಂಗಿದೆ?"

"ನಿಂಬೆಹಣ್ಣು ಅಮ್ಮ. ದೇವರ ಮನೇಲಿ ಬಂದೂಕು ನೆಟ್ಟಗೆ ನಿಲ್ಲಿಸ್ತೀರಾ?"

"ಹೂಂ. ಹೋಳು ಮಾಡಿ, ಕುಂಕುಮ ಹಚ್ಚಿ, ಎರಡು ಬಾಯಿಗೂ ಇಡ್ತೀನಿ. ಒಣಗೋವರೆಗೂ ತೆಗೆಯಲ್ಲ."

"ರಸ ಕೆಳಕ್ಕಿಳಿದು ತೋಟಾ ಕೂರೋ ಜಾಗದಲ್ಲೇ ನಿಂತಿದೆ. ಒತ್ತಡ ಜಾಸ್ತಿ ಬೀಳೋದೂ ಅಲ್ಲೇ. ಎಷ್ಟು ವರ್ಷ ಇಟ್ರಿ?"

ಚಿಕ್ಕವೆಂಕಟಮ್ಮ ಸೆರಗಿನಿಂದ ನಳಿಗೆಯ ಬಾಯಿ ಒರೆಸುತ್ತಾರೆ. ಮದುವೆಯಾಗಿ ಆ ಮನೆಗೆ ಬಂದ ವರ್ಷದಿಂದ ಅದು ಅವರದೇ ಕೆಲಸ. ಅರವತ್ತು ದಸರೆಗಳು. "ಪ್ರೀತಿಯಿಂದ ಇಟ್ಟಿದ್ದು ಕಣೋ" ಎನ್ನುತ್ತಾರೆ.

"ಗೊತ್ತಮ್ಮ. ನನ್ನ ಹತ್ರ ಬರೋ ಕೆಟ್ಟ ಬಂದೂಕೆಲ್ಲ ಪ್ರೀತಿ ಮಾಡಿರೋವೇ. ಅಟ್ಟದಲ್ಲಿ ಬಿಸಾಕಿದ್ದವು ಚೆನ್ನಾಗಿರ್ತವೆ."

ಆಕೆ ಮಗನ ಕೈಗಳನ್ನು ನೋಡುತ್ತಾರೆ. ಆಮೇಲೆ ನಳಿಗೆ ಹಿಂದಕ್ಕೆ ಕೊಟ್ಟು, "ಏನು ಮಾಡಬೇಕೋ ಮಾಡಪ್ಪ" ಎನ್ನುತ್ತಾರೆ. ಕೋನಪ್ಪ ತೋಟಾಕ್ಕೆ ಬಡಿಯುವ ಎರಡು ಸಣ್ಣ ಸೂಜಿಗಳನ್ನು ಬಿಚ್ಚಿ ಕಾಗದದಲ್ಲಿ ಮಡಚಿ ಚನ್ನಕೇಶವರ ಜೇಬಿಗೆ ಹಾಕುತ್ತಾರೆ. ನಳಿಗೆಗೆ ಎಣ್ಣೆ ಸವರಿ, ಬಂದೂಕು ಜೋಡಿಸಿ, ಹೊಸ ಮದುಮಗನನ್ನು ಸಿಂಗರಿಸುವಂತೆ ಒರೆಸುತ್ತಾರೆ.

"ನನಗೆ ಬೇರೆ ಆಸೆ ಇಲ್ಲ. ನಾನು ಬೇಡ ಅಂದವು ಗೋಡೆ ಮೇಲೇ ಇರ್ಲಿ. ನೋಡೋಕೆ ಚೆಂದ ಇದಾವಲ್ಲ."

ಗುರುವಾರ ಮದುವೆ ನಡೆಯಿತು. ಬಂದೂಕು ಹಾರಲಿಲ್ಲ. ಚನ್ನಕೇಶವ ಎರಡೂ ಕೈಯಲ್ಲಿ ಅಕ್ಷತೆ ಹಾಕಿದರು.