ಅಮ್ಮನ ಗ್ರೈಂಡರಿನ ಸಡಿಲ ಬೆಲ್ಟು

ಯಂತ್ರ ನಿಲ್ಲಬಾರದು. ನನ್ನ ಹೊಟ್ಟೆಪಾಡು ನಡೆಯುವುದೇ ಈ ಒಂದು ಮಾತಿನ ಮೇಲೆ. ಯಾವ ಯಂತ್ರಕ್ಕೆ ಎಷ್ಟು ದೊಡ್ಡ ಮೋಟಾರು, ಎಂಥ ಗೇರ್‌ಬಾಕ್ಸು ಬೇಕೆಂದು ಲೆಕ್ಕ ಹಾಕಿಕೊಡುವುದು ಮಣಿಪಾಲದ ಸಣ್ಣ ಆಫೀಸೊಂದರಲ್ಲಿ ನನ್ನ ಕೆಲಸ. ಲೆಕ್ಕ ಅಂಥ ಕಷ್ಟದ್ದೇನಲ್ಲ. ಮೋಟಾರು ನಿಮಿಷಕ್ಕೆ ಸಾವಿರದ ನಾನೂರು ಚಿಲ್ಲರೆ ಸುತ್ತು ತಿರುಗುತ್ತದೆ, ಆದರೆ ಅದರ ತಿರುಚುವ ಬಲ ಕಡಿಮೆ. ಗೇರ್‌ಬಾಕ್ಸಿನಲ್ಲಿ ವೇಗವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದರೆ ಆ ಬಲ ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಗೇರುಗಳ ತಿಕ್ಕಾಟ ತಿನ್ನುವ ಪಾಲನ್ನು ಅದರಲ್ಲಿ ಕಳೆಯಬೇಕು. ಯಂತ್ರದ ಭಾರಕ್ಕೆ ಬೇಕಾದ ಬಲ ಇಷ್ಟೆಂದು ಗೊತ್ತಾದ ಮೇಲೂ, ನಡುವೆ ಏನೇ ಸಿಕ್ಕಿದರೂ ನಿಲ್ಲದಿರಲಿ ಎಂದು ಅದನ್ನು ಒಂದೂವರೆ ಪಟ್ಟು ಮಾಡುತ್ತೇವೆ. ಕಾರ್ಕಳದ ಕಲ್ಲು ಕೊಯ್ಯುವವರಿಗೂ ನಾನು ಕೊಟ್ಟದ್ದು ಇದೇ ಲೆಕ್ಕ.

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಕಾಪುವಿನ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಅಮ್ಮನ ದೊಡ್ಡ ಗ್ರೈಂಡರ್ ದಿನಾ ನಿಲ್ಲುತ್ತಿತ್ತು. ಅಮ್ಮ ಇಡ್ಲಿ, ದೋಸೆಗೆ ಹಿಟ್ಟು ರುಬ್ಬಿ ಅಂಗಡಿಗಳಿಗೆ ಕೊಡುತ್ತಾಳೆ. ಶಾಲೆಗೆ ಹೋಗುವ ಕಾಲದಿಂದಲೂ ನಾನು ಒಳಗಿನ ಕೋಣೆಯಲ್ಲಿ ಕೂತು ಅದರ ಸದ್ದು ಕೇಳಿದವಳು. ಬೆಲ್ಟು ಕಿರ್ರೆನ್ನುತ್ತಿತ್ತು, ಅಮ್ಮ ಬೈಯುತ್ತಿದ್ದಳು, ಆಮೇಲೆ ಕಲ್ಲು ಮತ್ತೆ ತಿರುಗುತ್ತಿತ್ತು. ಹತ್ತಿರ ಹೋಗಲು ಮಾತ್ರ ಬಿಡುತ್ತಿರಲಿಲ್ಲ. ಮಕ್ಕಳು ಕೈ ಹಾಕಿಯಾರು ಎಂಬ ಭಯ ಅವಳಿಗೆ.

"ಊರಿನ ಮಿಶನಿಗೆಲ್ಲ ಲೆಕ್ಕ ಮಾಡುತ್ತಿ. ಇದೊಂದು ನಿಲ್ಲದ ಹಾಗೆ ಮಾಡ್ಲಿಕ್ಕೆ ಆಗುವುದಿಲ್ವಾ ಮಾರಾಯ್ತಿ?" ಎಂದು ಅಮ್ಮ ಕೇಳಿದ್ದು ಹೋದ ಬೇಸಿಗೆಯಲ್ಲಿ.

ನೋಡಿದರೆ ಬೆಲ್ಟು ಸಡಿಲವಾಗಿ ನುಣ್ಣಗಾಗಿತ್ತು. ಭಾರ ಹೆಚ್ಚಾದಾಗ ಅದು ಜಾರುತ್ತಿತ್ತು, ಮೋಟಾರಿನ ಬಲ ಕಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ. ಕಲ್ಲಿನ ತೂಕ, ಉದ್ದಿನ ಹಿಟ್ಟಿನ ಗಟ್ಟಿತನ ಎಲ್ಲ ಹಿಡಿದು, ಒಂದೂವರೆ ಪಟ್ಟನ್ನೂ ಸೇರಿಸಿ, ಬೆಲ್ಟೇ ಇಲ್ಲದ ಗೇರ್‌ಬಾಕ್ಸು ಆರಿಸಿದೆ. ಹಿರಿಯಡ್ಕದ ಫಿಟ್ಟರ್ ಒಬ್ಬರು ಬಂದು ಕೂರಿಸಿಕೊಟ್ಟರು. ಅಂದು ಗ್ರೈಂಡರ್ ಒಮ್ಮೆಯೂ ನಿಲ್ಲಲಿಲ್ಲ. ಅಮ್ಮ ನೆರೆಮನೆಯವರನ್ನೆಲ್ಲ ಕರೆದು ತೋರಿಸಿದಳು, ನಾನೂ ಉಬ್ಬಿದೆ.

ಮರುದಿನ ನನಗೆ ರಜೆ. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಅಮ್ಮ ಮರದ ಸಟ್ಟುಗದಿಂದ ಬದಿಯ ಹಿಟ್ಟನ್ನು ಕಲ್ಲಿನಡಿಗೆ ದೂಡುತ್ತಿದ್ದಳು. ಸಟ್ಟುಗ ಸಿಕ್ಕಿಬಿತ್ತು. ಒಣಗಿದ ನುಗ್ಗೆಕೋಡಿನ ಹಾಗೆ ಲಟಕ್ಕೆಂದು ಮುರಿದು ಕಲ್ಲಿನಡಿ ಸೇರಿತು. ಅಷ್ಟಾದರೂ ಗ್ರೈಂಡರಿನ ಸದ್ದು ಒಂದಿಷ್ಟೂ ಬದಲಾಗಲಿಲ್ಲ. ನಾನು ಓಡಿಹೋಗಿ ಸ್ವಿಚ್ಚು ಆರಿಸಿದೆ.

"ಹೋಯಿತು, ಇಷ್ಟೂ ಹಿಟ್ಟು ಚೆಲ್ಲಬೇಕು," ಎಂದಳು ಅಮ್ಮ.

"ತಿರುಗುವಾಗ ಸಟ್ಟುಗ ಹಾಕುವುದಾ?"

"ನಿನ್ನೆ ಬೆಳಿಗ್ಗೆಯೇ ಕಾಯಿ ಹೆರೆಯುವಾಗ ಬೆರಳು ಕೊಯ್ದಿದೆಯಲ್ಲ, ಹಿಟ್ಟು ತಾಗಿದರೆ ಉರಿ. ಇಲ್ಲದಿದ್ದರೆ ಸಟ್ಟುಗ ಯಾರಿಗೆ ಬೇಕು? ಕೈಯೇ ಹಾಕುವುದು."

"ತಿರುಗುತ್ತಿರುವಾಗ?"

"ಮತ್ತೆ ಎಂತ? ಕೈ ಸಿಕ್ಕಿದರೆ ಅದೇ ನಿಲ್ಲುತ್ತಿತ್ತು. ತೆಗೆದರೆ ಪುನಃ ತಿರುಗುವುದು."

ಒಳಗಿನ ಕೋಣೆಯಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತ ನಾನು ಕೇಳಿದ ಆ ಕಿರ್ರೆಂಬ ಸದ್ದುಗಳಲ್ಲಿ ಎಷ್ಟೋ ಸಲ ಕಲ್ಲಿನಡಿ ಇದ್ದದ್ದು ಅಮ್ಮನ ಕೈ. ಆ ಕೈಯನ್ನು ಅಷ್ಟು ವರ್ಷ ಉಳಿಸಿದ್ದು ಜಾರುವ ಬೆಲ್ಟು. ಅದನ್ನು ರೋಗವೆಂದುಕೊಂಡು ನಾನು ಮದ್ದು ಮಾಡಿದ್ದೆ. ನಿನ್ನೆ ಬೆರಳು ಕೊಯ್ಯದೇ ಇದ್ದಿದ್ದರೆ? ಮುಂದೆ ಯೋಚಿಸಲಾಗಲಿಲ್ಲ.

"ನಿನಗೆ ಬುದ್ಧಿ ಉಂಟಾ ಅಮ್ಮ?" ಎಂದು ಕಿರುಚಿದೆ. ಹೆದರಿಕೆಯಾದರೆ ನನಗೆ ಬರುವುದು ಸಿಟ್ಟೇ.

"ಎಂತ ಆಯಿತೀಗ? ಕೈ ಉಂಟಲ್ಲ," ಎಂದು ಅವಳು ಪಾತ್ರೆ ತೊಳೆಯಲು ಹೋದಳು.

ಗ್ರೈಂಡರಿಗೆ ಒಂದು ಮುಚ್ಚಳವನ್ನೂ, ಅದನ್ನು ತೆರೆದರೆ ಕರೆಂಟು ಕಡಿಯುವ ಸ್ವಿಚ್ಚೊಂದನ್ನೂ ಮಾಡಿಸಿ ಹಾಕಿದೆ. ಅಮ್ಮನಿಂದ ಕೈ ಹಾಕುವುದಿಲ್ಲವೆಂದು ಮಾತೂ ತೆಗೆದುಕೊಂಡೆ. ಬೆರಳು ವಾಸಿಯಾದ ಮೇಲೆ ಒಂದು ದಿನ ಮಣಿಪಾಲದಿಂದ ಬೇಗ ಬಂದವಳು ನೋಡುತ್ತೇನೆ, ಮುಚ್ಚಳ ಅಂಗಳದಲ್ಲಿತ್ತು. ಅದರ ಮೇಲೆ ಕೆಂಪು ಮೆಣಸು ಒಣಗುತ್ತಿತ್ತು. ಸ್ವಿಚ್ಚಿಗೆ ಹಿಟ್ಟಿನ ಪ್ಯಾಕೆಟ್ಟಿನ ರಬ್ಬರ್ ಬ್ಯಾಂಡು ಬಿಗಿದು ಒತ್ತಿ ಹಿಡಿಸಿದ್ದಳು. ಅಮ್ಮನ ಬಲಗೈ ಮಣಿಕಟ್ಟಿನವರೆಗೆ ತಿರುಗುವ ಹಿಟ್ಟಿನಲ್ಲಿತ್ತು.

ಕೂಗಿದರೆ ಅವಳು ಬೆಚ್ಚಿ ಕೈ ಅಲುಗಾಡಿಸಿದರೆ? ಬಾಯಿ ಬಿಡದೆ ಗೋಡೆಯುದ್ದಕ್ಕೂ ಮೆಲ್ಲಗೆ ನಡೆದು ಮೇನ್ ಸ್ವಿಚ್ಚು ಇಳಿಸಿದೆ. ಆಗಲೂ ಅಮ್ಮ, ಕರೆಂಟು ಹೋಯಿತೆಂದು ಗೊಣಗಿದಳು.

ಅದೇ ಸಂಜೆ ಫಿಟ್ಟರನ್ನು ಕರೆಸಿ ಗೇರ್‌ಬಾಕ್ಸು ಬಿಚ್ಚಿಸಿದೆ.

"ಹೊಸ ಬೆಲ್ಟು ತಂದಿದ್ದೇನೆ, ಬಿಗಿಯಾಗಿ ಕೂರುತ್ತದೆ," ಎಂದರು ಅವರು.

"ಬೇಡ, ಹಳೆಯದನ್ನೇ ಹಾಕಿ. ಸಡಿಲ ಇರಲಿ."

ಅವರು ನನ್ನ ಮುಖವನ್ನೇ ನೋಡಿದರು. ಸಡಿಲ ಬೆಲ್ಟನ್ನು ನಂಬಿ ಕೂರುವುದು ಲೆಕ್ಕ ಬಲ್ಲವರ ಕೆಲಸವಲ್ಲ ಎಂದು ನನಗೂ ಗೊತ್ತು. ಆದರೆ ಬುದ್ಧಿ ಹೇಳಿ ಸೋತಿದ್ದೆ, ಸ್ವಿಚ್ಚು ಹಾಕಿಯೂ ಸೋತಿದ್ದೆ.

ಈಗ ಗ್ರೈಂಡರ್ ಮೊದಲಿನ ಹಾಗೆಯೇ ನಿಲ್ಲುತ್ತದೆ. ಬೆಲ್ಟು ಕಿರ್ರೆಂದ ಕೂಡಲೇ ನಾನು ಮನೆಯಲ್ಲಿ ಎಲ್ಲಿದ್ದರೂ ಜಗಲಿಗೆ ಓಡುತ್ತೇನೆ. ಅಮ್ಮ ಹಿಟ್ಟು ಮೆತ್ತಿದ ಕೈಯನ್ನು ಮೇಲೆತ್ತಿ, "ಪುನಃ ನಿಂತಿತು ನೋಡು. ಎಂತ ಇಂಜಿನಿಯರು ನೀನು?" ಎಂದು ಬೈಯುತ್ತಾಳೆ. ನಾನು ಮೊದಲು ಅವಳ ಬೆರಳುಗಳನ್ನು ನೋಡುತ್ತೇನೆ. ಉತ್ತರ ಆಮೇಲೆ.